ಕಾಕಾನ ಫಾರ್ವರ್ಡು, ಕೂಸಿನ ಕಾಲು

(ಬಾಗಲಕೋಟಿ ನಮ್ಮ ಮನಿ ಗುಂಪಿನಾಗ ರವಿವಾರ ನಡದ ಜಗಳ. ಹೆಸರು ಬ್ಯಾಡಂತ, ನನ್ನ ಫೋನಿನಾಗ ಹೆಂಗ ಸೇವ್ ಅದಾವೋ ಹಂಗ ಹಾಕೇನಿ.)

ಮುಧೋಳ ಕಾಕಾ: ಮಕ್ಕಳ ಮೈಮೇಲೆ ಸಾಲಾಗಿ ಗುಳ್ಳೆ ಎದ್ದರೆ ಅದು ಸರ್ಪಸುತ್ತು!! ಹೆಡೆ ಬಾಲ ಕೂಡಿದರೆ ಜೀವಕ್ಕೆ ಅಪಾಯ. ಕೂಡಲೇ ಜಾಜು ಹಚ್ಚಿ. ಎಲ್ಲರಿಗೂ ಕಳಿಸಿ 🙏🙏

ಮುಧೋಳ ಕಾಕಾ: ನಮ್ಮ ಕೂಸಿನ ಕಾಲಿಗೂ ಹಿಂಗ ಆಗೇತಿ, ನೋಡ್ರಿ (ಫೋಟೋ)

ವೈನಿ: ಸಣ್ಣ ಮಾವಾರ, ಫೋಟೋ ತಗೀರಿ. ನಿಮಗ ಒಬ್ಬರಿಗೇ ಕಳಿಸಿದ್ದೆ.

ಇಳಕಲ್ ಅತ್ತಿ: ಪಂಚಮಿಗೆ ಹಾಲು ಎರದಿರೋ ಇಲ್ಲೋ?

ವೈನಿ: ನೀವ ಮುಂದ ನಿಂತು ಎರಸಿದ್ರಲ್ಲ ಅತ್ತಿ!

ಬೆಳಗಾವಿ ತಮ್ಮ: ಕಾಕಾ, ಸರ್ಪಸುತ್ತು ನಿಮಗ ಆಗಿತ್ತು. ಅಂಗಿ ತಾಕಿದ್ರೂ ಚೀರತಿದ್ರಿ. ಈಕಿ ನಿನ್ನೆ ಕುಂಟಾಬಿಲ್ಲಿ ಆಡ್ಯಾಳ.

ಮುಧೋಳ ಕಾಕಾ: ಸಣ್ಣವರಿಗೆ ತ್ರಾಸ ಕಡಿಮಿ ಇರತೈತಿ. ನೀ ಇನ್ನೂ ಡಾಕ್ಟರ್ ಆಗಿಲ್ಲ.

ಬೆಳಗಾವಿ ತಮ್ಮ: ಕಡಿಮಿ ಇರತೈತಿ, ಖರೆ. ಆದ್ರ ನೀರಗುಳ್ಳಿ ಎಲ್ಲಿ ಅದಾವು? ಇವು ಒಣ ಕಾಳು, ನೆತ್ತಿ ಚಪ್ಪಟ. ಸರ್ಪಸುತ್ತು ಎರಡ್ಮೂರು ವಾರದಾಗ ಒಣಗತೈತಿ, ಈಕಿಗೆ ಎರಡು ತಿಂಗಳಾತು. ಇದರ ಹೆಸರು ಲೈಕನ್ ಸ್ಟ್ರಯೇಟಸ್.

ಇಳಕಲ್ ಅತ್ತಿ: ಮತ್ತ ಗೆರಿ ಹೊಡದಂಗ ಯಾಕ ಎದ್ದಾವು? ತ್ವಡಿಯಿಂದ ಹಿಮ್ಮಡಿತನಾ?

ಬೆಳಗಾವಿ ತಮ್ಮ: ಹೊಟ್ಟ್ಯಾಗ ಕೂಸು ಬೆಳಿಯೂವಾಗ ಚರ್ಮದ ಜೀವಕೋಶ ಸರದ ದಾರಿ ಅದು. ನರದ್ದಲ್ಲ, ರಕ್ತನಾಳದ್ದೂ ಅಲ್ಲ. 1901ರಾಗ ಬರ್ಲಿನ್ನಿನ ಚರ್ಮದ ಡಾಕ್ಟರ್ ಬ್ಲಾಷ್ಕೋ ಅದರ ನಕ್ಷಾ ತಗದ. ದಾರಿ ಎಲ್ಲಾರ ಮೈಯಾಗೂ ಐತಿ, ನಿಮ್ಮ ಮೈಯಾಗೂ. ಕಾಣೂದಿಲ್ಲ ಅಷ್ಟ.

ಮುಧೋಳ ಕಾಕಾ: ಮೆಡಿಕಲ್‌ನಾಗ ಟ್ಯೂಬ್ ಸಿಗತೈತಿ. ನನ್ನ ಗಜಕರ್ಣಕ್ಕ ಅದನ್ನ ಹಚ್ಚತೇನಿ.

ಬೆಳಗಾವಿ ತಮ್ಮ: ಅದರಾಗ ಸ್ಟೆರಾಯ್ಡ್ ಇರತೈತಿ. ತಿಂಗಳಗಟ್ಟಲೆ ಹಚ್ಚಿದ್ರ ತೊಗಲು ತೆಳ್ಳಗಾಕ್ಕೈತಿ. ನಿಮ್ಮ ಗಜಕರ್ಣ ವರ್ಷಾತು, ಹೋತೇನು?

ಇಳಕಲ್ ಅತ್ತಿ: ಬೆಳ್ಳಗ ಆಗಾಕತ್ತೇತಿ. ತೊನ್ನು ಆದ್ರ ನಾಳೆ ಹೆಣ್ಣುಕೂಸಿಗೆ ಯಾರು ಬರತಾರ?

ವೈನಿ: ಅತ್ತಿ, ಆಕಿಗಿನ್ನೂ ಏಳು ವರ್ಷ. ಡಾಕ್ಟರು ಹತ್ತಿ ಮುಟ್ಟಿಸಿ ನೋಡ್ಯಾರ, ಸ್ಪರ್ಶ ಸರಿ ಐತಿ, ಕುಷ್ಠ ಅಲ್ಲ. ಕಾಳು ಹೋಗಾಕ ಆರು ತಿಂಗಳಿಂದ ವರ್ಷ, ಬಿಳಿ ಕಲಿ ಮಾಸಾಕ ಇನ್ನೂ ತಡ. ತುರಿಕಿ ಬಂದ್ರಷ್ಟ ಮುಲಾಮು. ಉಗುರು ಸೀಳಿದ್ರ ಬಂದು ತೋರಸ್ರಿ ಅಂದ್ರು.

ವೈನಿ: ಯಾರಿಗೂ ಹತ್ತೂದಿಲ್ಲಂತನೂ ಅಂದ್ರು. ಮೊನ್ನಿ ನೀವು ಬಂದಾಗ ಆಕಿ ತಾಟು ಬ್ಯಾರೆ ಇಟ್ರಿ. ರಾತ್ರಿ ಆಕಿ ಯಾಕಂತ ಕೇಳಿದ್ಲು. ಏನ ಹೇಳಲಿ?

(ಇಪ್ಪತ್ತು ಮಿನಿಟು ಯಾರೂ ಬರಿಲಿಲ್ಲ. ವೈನಿ ಫೋನಿನಾಗ ಎಲ್ಲಾರೂ ಓದ್ಯಾರಂತ ನೀಲಿ ಗೆರಿ ಮಾತ್ರ.)

ಮುಧೋಳ ಕಾಕಾ: ಫೋಟೋ ತಗದೆ.

ವೈನಿ: ನಿಮ್ಮ ಫೋನಿನಾಗ ಅಷ್ಟ ಹೋಗೇತ್ರಿ. ನಮಗ ಇನ್ನೂ ಕಾಣಾಕತ್ತೈತಿ.

ನಾನು: ನಾ ಅಡ್ಮಿನ್ ಅದೇನಿ. ಫೋಟೋ, ಫಾರ್ವರ್ಡ್ ಎರಡೂ ಎಲ್ಲಾರಿಗೂ ಹೋಗೂವಂಗ ತಗದೇನಿ.

ಇಳಕಲ್ ಅತ್ತಿ: ಯವ್ವಾ, ಆ ಫಾರ್ವರ್ಡು ನಾ ಆಗಲೇ ನಮ್ಮ ಓಣಿ ಗುಂಪಿಗೆ ಕಳಿಸಿಬಿಟ್ಟೇನಲ್ಲ.