ಗೋಡೆಯ ಚಿತ್ರವನ್ನು ಯಾವ ಲಾರಿಗೆ ಹೇರುವುದು?

ಪ್ರಶ್ನೆ (ಬಿಜೈ, ಮಂಗಳೂರು): ಮೇಡಂ, ರಜೆಯಲ್ಲಿ ಮಗಳನ್ನು ಸಂತ ಅಲೋಶಿಯಸ್ ಚಾಪೆಲ್ಲಿಗೆ ಕರೆದೊಯ್ದಿದ್ದೆ. 1939ರಲ್ಲಿ ಲೂವ್ರ್ ಸಂಗ್ರಹಾಲಯದ ಮೋನಾಲಿಸಾವನ್ನು ಪ್ಯಾರಿಸ್ಸಿನಿಂದ ಹೊರಗೆ ಸಾಗಿಸಿದ್ದನ್ನು ಓದಿರುವ ಅವಳು, "ಇಲ್ಲಿ ಯುದ್ಧವಾದರೆ ಈ ಗೋಡೆಯನ್ನು ಯಾವ ಲಾರಿಗೆ ಹೇರುವುದು?" ಎಂದು ಕೇಳಿದಳು. ಏನು ಹೇಳಲಿ?

ಉತ್ತರ (ಚಿತ್ರ ಸಂರಕ್ಷಕಿ, ಉಡುಪಿ): ಮಗಳ ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿದೆ. ಆ ಚಾಪೆಲ್ಲಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ ಕ್ಯಾನ್ವಾಸಿನ ಮೇಲೂ ಬರೆದಿದ್ದಾರೆ, ಫ್ರೆಸ್ಕೊ ವಿಧಾನದಲ್ಲೂ ಬರೆದಿದ್ದಾರೆ. ಕ್ಯಾನ್ವಾಸನ್ನು ಇಳಿಸಬಹುದು, ಆದರೆ ಫ್ರೆಸ್ಕೊದಲ್ಲಿ ಹಸಿ ಸುಣ್ಣದ ಗಾರೆಗೆ ಹಚ್ಚಿದ ಬಣ್ಣವು ಗಾರೆ ಒಣಗುತ್ತಿದ್ದಂತೆ ಗೋಡೆಯಲ್ಲೇ ಒಂದಾಗಿಬಿಡುತ್ತದೆ.

ಇಂಥ ಚಿತ್ರವನ್ನು ಇದ್ದಲ್ಲಿಯೇ ಕಾಯಬೇಕು. ಮಿಲಾನಿನಲ್ಲಿ ಲಿಯೊನಾರ್ಡೊನ 'ಕೊನೆಯ ಭೋಜನ'ಕ್ಕೆ (ಅದು ಒಣ ಗಾರೆಯ ಮೇಲಿನ ಚಿತ್ರ, ಹಾಗಾಗಿ ಇನ್ನೂ ನಾಜೂಕು) ಮರಳು ಮೂಟೆ ಮತ್ತು ಮರದ ಆಸರೆ ಕೊಟ್ಟಿದ್ದರು. 1943ರ ಆಗಸ್ಟಿನ ಬಾಂಬ್ ದಾಳಿಯಲ್ಲಿ ಆ ಭೋಜನಶಾಲೆಯ ಛಾವಣಿಯೂ ಪಕ್ಕದ ಗೋಡೆಯೂ ಕುಸಿದರೂ ಚಿತ್ರದ ಗೋಡೆ ನಿಂತಿತು. ನಮ್ಮಲ್ಲಿ ಆಟಿಯ ಮಳೆಗೆ ಹಾಗೆ ಮೂಟೆ ಒತ್ತಿಟ್ಟರೆ ಬಾಂಬಿಗಿಂತ ಮೊದಲು ಬೂಷ್ಟು ಬಂದೀತು, ಆ ಮಾತು ಬೇರೆ. ಅದೃಷ್ಟದ ಪಾಲೂ ಸಣ್ಣದಲ್ಲ: 1944ರ ಮಾರ್ಚ್ 11ರಂದು ಇಟಲಿಯ ಪಾದುವಾ ನಗರದ ಎರೆಮಿತಾನಿ ಚರ್ಚಿಗೆ ಬಾಂಬು ಬಿದ್ದು ಹಳೆಯ ಇಟಲಿಯ ಚಿತ್ರಕಾರ ಮಾಂತೆನ್ಯಾ ಬರೆದ ಫ್ರೆಸ್ಕೊಗಳು ಪುಡಿಯಾದವು, ಕೂಗಳತೆಯಲ್ಲಿದ್ದ, ಅವನಿಗೂ ಹಿಂದಿನ ಚಿತ್ರಕಾರ ಜೊತ್ತೊ ಗೋಡೆಗಳ ಮೇಲೆ ಚಿತ್ರ ಬರೆದ ಚಾಪೆಲ್ ಉಳಿಯಿತು. ಆ ಪುಡಿಯನ್ನು ಆರಿಸಿಟ್ಟಿದ್ದರಿಂದ, ಹಳೆಯ ಕಪ್ಪು-ಬಿಳುಪು ಛಾಯಾಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಹೋಲಿಸಿ, ದಶಕಗಳ ಬಳಿಕ ಎಷ್ಟೋ ಚೂರುಗಳಿಗೆ ಅವುಗಳ ಜಾಗ ಹುಡುಕಿಕೊಡಲಾಯಿತು. ಆದ್ದರಿಂದ ನನ್ನ ಮಟ್ಟಿಗೆ ಮರಳು ಮೂಟೆಗಿಂತ ಮೊದಲು ಆಗಬೇಕಾದದ್ದು ಪ್ರತಿ ಅಂಗುಲದ ಛಾಯಾಚಿತ್ರ.

ಮರುಪ್ರಶ್ನೆ: ಹಾಗಾದರೆ ಗೋಡೆಯ ಚಿತ್ರಕ್ಕೆ ಲೂಟಿಯ ಭಯವಾದರೂ ಇಲ್ಲವಲ್ಲ?

ಉತ್ತರ: ಇದೆ ಸರ್. ಸುತ್ತಿ ಒಯ್ಯಬಹುದಾದ ಕ್ಯಾನ್ವಾಸಿಗೇ ಲೂಟಿಕೋರರ ಮೊದಲ ಕಣ್ಣು, ನಿಜ. ಆದರೆ ಗಾರೆಯ ಸಮೇತ ಕೊಯ್ದು ತೆಗೆಯುವ ವಿದ್ಯೆ ಹಳೆಯದು. 20ನೆಯ ಶತಮಾನದ ಆರಂಭದಲ್ಲಿ, ಯುದ್ಧವಿಲ್ಲದ ಕಾಲದಲ್ಲೇ, ಜರ್ಮನ್ ಅನ್ವೇಷಕರು ಮಧ್ಯ ಏಷ್ಯಾದ ಬೆಜೆಕ್ಲಿಕ್ ಗುಹೆಗಳ ಬೌದ್ಧ ಭಿತ್ತಿಚಿತ್ರಗಳನ್ನು ಹಾಗೆ ಕೊಯ್ದು, ರಕ್ಷಣೆಯ ಹೆಸರಿನಲ್ಲಿ ಬರ್ಲಿನ್ನಿಗೆ ಒಯ್ದರು. ಅಲ್ಲಿ ದೊಡ್ಡ ಚಿತ್ರಗಳನ್ನು ಸಂಗ್ರಹಾಲಯದ ಗೋಡೆಗೇ ಭದ್ರವಾಗಿ ಕೂರಿಸಿದ್ದರು. ಎರಡನೆಯ ಮಹಾಯುದ್ಧ ಬಂದಾಗ ಬಿಡಿಯಾಗಿದ್ದ ಎಷ್ಟೋ ವಸ್ತುಗಳನ್ನು ಬೇರೆಡೆಗೆ ಸಾಗಿಸಿದರು. ಗೋಡೆಗೆ ಕೂರಿಸಿದ್ದವನ್ನು ಮತ್ತೆ ಕೀಳಲಾಗದೆ, ಅವು ಬಾಂಬ್ ದಾಳಿಯಲ್ಲಿ ಅಲ್ಲಿಯೇ ನಾಶವಾದವು.