ಗೋಲ್ಡ್‌ಫಿಶ್ ಬಾಲದ ಅಂಚು ಬೆಳ್ಳಗಾಗಿ ಹರಿಯುತ್ತಿದೆ, ಕ್ಯಾಪ್ಸೂಲ್ ಹಾಕಲಾ?

ಸಂಪುನೀರು:
ವಿಜಯನಗರದಲ್ಲಿ ನಮ್ಮ ಮನೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್‌ನಲ್ಲಿ ನಾಲ್ಕು ಗೋಲ್ಡ್‌ಫಿಶ್ ಇವೆ. ಎರಡು ಒರಾಂಡಾ, ಎರಡು ಮಾಮೂಲಿ ಕೆಂಪು. ಸ್ವಲ್ಪ ದಿನದಿಂದ ಒಂದು ಒರಾಂಡಾದ ಬಾಲದ ಅಂಚು ಬೆಳ್ಳಗೆ ಮಬ್ಬಾಗಿ ಚಿಂದಿ ಚಿಂದಿಯಾಗಿದೆ. ಇನ್ನೊಂದು ಒರಾಂಡಾದ ಬಾಲದಲ್ಲಿ ಕೆಂಪು ಗೆರೆಗಳು. ಮಾಮೂಲಿ ಮೀನುಗಳಲ್ಲಿ ಒಂದರ ರೆಕ್ಕೆಯ ತುದಿ ಕಪ್ಪಾಗುತ್ತಿದೆ, ಮತ್ತೊಂದರ ಕಿವಿರಿನ ಮುಚ್ಚಳದ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ನಾಲ್ಕಕ್ಕೂ ನಾಲ್ಕು ಥರ ಕಾಯಿಲೆಯಾ ಅಂತ ಗಾಬರಿಯಾಗಿದೆ.

ನೀರು ಸಂಪಿನದ್ದು. ಕಾವೇರಿ ದಿನ ಬಿಟ್ಟು ದಿನ ಬರುತ್ತದೆ, ಮಿಕ್ಕಿದ್ದು ಬೋರ್, ಬಿಸಿಲು ಜಾಸ್ತಿಯಾದ ಮೇಲೆ ಟ್ಯಾಂಕರ್ ಕೂಡ ಹಾಕಿಸುತ್ತಿದ್ದೇವೆ. ಪ್ರತಿ ಭಾನುವಾರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಸ್ಪಾಂಜ್ ಎಲ್ಲಾ ನಲ್ಲಿ ಕೆಳಗೆ ಚೆನ್ನಾಗಿ ತಿಕ್ಕಿ ತೊಳೆದು ಹೊಸ ನೀರು ತುಂಬಿಸುತ್ತೇವೆ, ಹಾಗಾಗಿ ಗಲೀಜು ಅನ್ನುವ ಮಾತೇ ಇಲ್ಲ. ಅಂಗಡಿಯವರು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿಯಿರಿ ಅಂದರು. ಸುರಿಯಬಹುದಾ?

ಇನ್ನೊಂದು ವಿಷಯ. ವಾಸ್ತು ಪ್ರಕಾರ ಎಂಟು ಕೆಂಪು, ಒಂದು ಕಪ್ಪು, ಒಟ್ಟು ಒಂಬತ್ತು ಮೀನು ಇರಬೇಕು ಅಂತ ಅಮ್ಮ ಹಟ ಹಿಡಿದಿದ್ದಾರೆ. ಇನ್ನೂ ಐದು ತರಬಹುದಾ?

ಗಪ್ಪಿಗಾಂಧಿಬಜಾರ್:
ಕ್ಯಾಪ್ಸೂಲ್ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಎಷ್ಟಿದೆ ಹೇಳಿ. ಡ್ರಾಪ್ಸ್ ಹಾಕಿ ನೋಡುವ ಕಿಟ್ ತಗೊಳ್ಳಿ, ಪಟ್ಟಿಯದ್ದು ಅಷ್ಟು ನಂಬಿಕೆಗೆ ಬರಲ್ಲ. ಟ್ಯಾಂಕ್ ನೀರಿನ ಜೊತೆಗೆ ಸಂಪಿನ ನೀರನ್ನೂ ಬೇರೆಯಾಗಿ ಟೆಸ್ಟ್ ಮಾಡಿ. ಮೀನುಗಳು ಊಟ ಮಾಡುತ್ತಿವೆಯಾ, ತಳದಲ್ಲಿ ಸುಮ್ನೆ ಕೂತಿರುತ್ತವಾ, ರೆಕ್ಕೆ ಮೈಗೆ ಅಂಟಿಸಿಕೊಂಡಿವೆಯಾ? ಫೋಟೋಗಿಂತ ಇವು ಮುಖ್ಯ.

ಕೆರೆಏರಿ:
ಕಾಯಿಲೆ ನಾಲ್ಕಲ್ಲ. ನೀವು ಬರೆದಿರುವುದನ್ನು ನೋಡಿದರೆ ನೀರಿನ ಸಮಸ್ಯೆ ಒಂದು, ಮತ್ತೆ ಕಾಯಿಲೆಯೇ ಅಲ್ಲದ್ದು ಒಂದು.

ಎರಡನೆಯದನ್ನೇ ಮೊದಲು ಹೇಳಿಬಿಡುತ್ತೇನೆ, ಸಮಾಧಾನ ಆಗಲಿ. ಬಿಳಿ ಚುಕ್ಕೆ ಬರೀ ಕಿವಿರಿನ ಮುಚ್ಚಳದ ಮೇಲೆ, ಎದೆಯ ಪಕ್ಕದ ರೆಕ್ಕೆಗಳ ಮುಂದಿನ ಕಡ್ಡಿಯ ಮೇಲೆ ಮಾತ್ರ ಇದ್ದರೆ ಅದು ಗಂಡು ಮೀನು, ಮರಿ ಮಾಡುವ ಕಾಲ ಬಂದಾಗ ಏಳುವ ಗುಳ್ಳೆ. ಚಳಿ ಹೋಗಿ ಸೆಕೆ ಶುರುವಾಗುವಾಗ ಸಾಮಾನ್ಯವಾಗಿ ಕಾಣುತ್ತದೆ. ಇಕ್ ಅನ್ನುವ ಪರಾವಲಂಬಿ ರೋಗವಾದರೆ ಮೈ, ಬಾಲ ಎಲ್ಲಾ ಕಡೆ ಚಿರೋಟಿ ರವೆ ಉದುರಿಸಿದ ಹಾಗೆ ಇರುತ್ತದೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಹಾಗಿಲ್ಲ ಅಂದರೆ ಆ ಮೀನನ್ನು ಅದರ ಪಾಡಿಗೆ ಬಿಡಿ.

ಉಳಿದ ಮೂರಕ್ಕೆ ಬರೋಣ. ಬಾಲದ ಅಂಚು ಮಬ್ಬು ಬಿಳಿ, ಅಂಕುಡೊಂಕಾಗಿ ಒಳಕ್ಕೆ ಸವೆಯುತ್ತಾ ಬರುತ್ತಿದೆ ಅಂದರೆ ಫಿನ್ ರಾಟ್, ಅಂದರೆ ರೆಕ್ಕೆ ಕೊಳೆಯುವ ರೋಗ. ಏರೋಮೊನಾಸ್, ಸ್ಯೂಡೋಮೊನಾಸ್ ಥರದ ಬ್ಯಾಕ್ಟೀರಿಯಾ ಎಲ್ಲಾ ಟ್ಯಾಂಕ್‌ನಲ್ಲೂ ಇದ್ದೇ ಇರುತ್ತವೆ, ಗಟ್ಟಿಯಾಗಿರುವ ಮೀನಿಗೆ ಏನೂ ಮಾಡಲ್ಲ, ನೀರು ಕೆಟ್ಟು ಮೀನು ಸೊರಗಿದಾಗ ಹಿಡಿಯುತ್ತವೆ. ಕೆಂಪು ಗೆರೆಗಳು ಊದಿಕೊಂಡ ರಕ್ತನಾಳ, ನೀರಲ್ಲಿ ಅಮೋನಿಯಾ ಅಥವಾ ನೈಟ್ರೈಟ್ ಇದ್ದಾಗ ಎಷ್ಟೋ ಸಲ ಮೊದಲು ಕಾಣುವ ಗುರುತು ಅದೇ. ಒಂದೇ ಸಮ ನುಣ್ಣಗೆ ಕಪ್ಪಾಗುವುದು ಅಮೋನಿಯಾ ಸುಟ್ಟ ಜಾಗ ಮಾಯುವಾಗ ಬರುವ ಬಣ್ಣ ಇರಬಹುದು. ಕೆಲವು ಮೀನುಗಳಿಗೆ ವಯಸ್ಸಿನ ಜೊತೆಗೂ ಬಣ್ಣ ಬದಲಾಗುತ್ತದೆ, ಆದರೆ ನಿಮ್ಮಲ್ಲಿ ಮೂರೂ ಒಟ್ಟಿಗೆ ಬಂದಿದೆಯಲ್ಲ, ಅಲ್ಲೇ ಅನುಮಾನ.

ಅಂಚು ಬಿಳಿಯಾಗದೆ ರೆಕ್ಕೆ ಬರೀ ಉದ್ದಕ್ಕೆ ಸೀಳಿದ್ದರೆ ಅದು ಬೇರೆ. ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿದಿರುತ್ತದೆ, ಇಲ್ಲಾ ಜೊತೆಯ ಮೀನು ಕಚ್ಚಿರುತ್ತದೆ. ಮಾಮೂಲಿ ಗೋಲ್ಡ್‌ಫಿಶ್ ಒರಾಂಡಾಗಿಂತ ತುಂಬಾ ಚುರುಕು, ಊಟದಲ್ಲೂ ಒರಾಂಡಾಗಳಿಗೆ ಬಿಡಲ್ಲ. ಎರಡನ್ನೂ ಒಟ್ಟಿಗೆ ಮಾರುವ ಅಂಗಡಿಯವರ ಮೇಲೆ ನನಗೆ ಯಾವಾಗಲೂ ಸಿಟ್ಟು.

ಈಗ ಭಾನುವಾರದ ತಿಕ್ಕಾಟ. ಮೀನಿನ ಕಿವಿರು, ಹಿಕ್ಕೆಯಿಂದ ಅಮೋನಿಯಾ ಬರುತ್ತದೆ. ಸ್ಪಾಂಜ್ ಮತ್ತು ಕಲ್ಲಿನ ಮೇಲೆ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇವು ಪೂರ್ತಿ ನೆಲೆಯಾಗಲು 4ರಿಂದ 6 ವಾರ ಬೇಕು. ನೀವು ವಾರಕ್ಕೊಮ್ಮೆ ಕ್ಲೋರಿನ್ ನೀರಲ್ಲಿ ತಿಕ್ಕಿ ತೊಳೆದರೆ ಅವು ನೆಲೆಯಾಗುವುದು ಯಾವಾಗ? ನೋಡಲು ಕನ್ನಡಿಯಂತಿದ್ದರೂ ಆ ನೀರು ಮೀನಿಗೆ ಒಳ್ಳೆಯದಲ್ಲ.

ಐದು ಹೊಸ ಮೀನಂತೂ ಬೇಡವೇ ಬೇಡ. ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದರೂ 56 ಲೀಟರ್ ಅಷ್ಟೇ, ಕಲ್ಲು ಬಿಟ್ಟರೆ ಇನ್ನೂ ಕಡಿಮೆ. ನಾಲ್ಕೇ ಜಾಸ್ತಿ.

ಟೀಪಾಯಿಮೇಲಿನಬೌಲ್:
ಸುಮ್ನೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಟೆಟ್ರಾಸೈಕ್ಲಿನ್ ನಮ್ಮ ಕಡೆ ಎಲ್ಲರೂ ಹಾಕುತ್ತಾರೆ, ನೀರು ಕೆಂಪಗಾಗುತ್ತದೆ, ನೊರೆ ಬರುತ್ತದೆ, ಮೀನು ಸರಿಹೋಗುತ್ತದೆ.

ಕಲ್ಲುಪ್ಪು:
ಮೇಲಿನವರ ಮಾತಿಗೆ ಒಂದು ತಕರಾರು. ಗಡಸು ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಟೆಟ್ರಾಸೈಕ್ಲಿನ್ ಅಂಟಿಕೊಂಡುಬಿಡುತ್ತದೆ, ಆಮೇಲೆ ಮೀನಿನ ಮೈಗೆ ಹೋಗುವುದು ಅಷ್ಟಕ್ಕಷ್ಟೇ. ನಮ್ಮೂರ ಬೋರ್ ನೀರಿಗೆ ಸುರಿಯುವುದು ಹೆಚ್ಚುಕಮ್ಮಿ ದುಡ್ಡನ್ನೇ ಸುರಿದಂತೆ. ಮೀನು ಸರಿಹೋಗಿದ್ದರೆ ಕ್ಯಾಪ್ಸೂಲ್ ಜೊತೆ ನೀರನ್ನೂ ಬದಲಾಯಿಸಿರುತ್ತಾರೆ ನೋಡಿ, ಅದರಿಂದ ಇರಬೇಕು. ಮನುಷ್ಯರ ಆ್ಯಂಟಿಬಯೋಟಿಕ್‌ ಅನ್ನು ಅಂದಾಜಿಗೆ ಹಾಕಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಫಿಲ್ಟರ್‌ನ ಒಳ್ಳೆಯವೂ ಹೋಗಬಹುದು.

ನನ್ನ ಕೇಳಿದರೆ ಉಪ್ಪು. ಏನೂ ಬೆರೆಸದ ಕಲ್ಲುಪ್ಪು, ಲೀಟರಿಗೆ 1 ಗ್ರಾಂ. ಬಕೆಟ್ ನೀರಲ್ಲಿ ಪೂರ್ತಿ ಕರಗಿಸಿ ನಿಧಾನಕ್ಕೆ ಸೇರಿಸಿ. ಬೇಕಾದರೆ 12 ಗಂಟೆ ಬಿಟ್ಟು ಇನ್ನೊಂದು ಗ್ರಾಂ, ಹಾಗೇ ಲೀಟರಿಗೆ 3 ಗ್ರಾಂವರೆಗೆ ಹೋಗಬಹುದು. ಜೀವಂತ ಗಿಡ ಇದ್ದರೆ ತೆಗೆದಿಡಿ, ಬಾಡುತ್ತವೆ. ನೀರು ಆರಿದರೂ ಉಪ್ಪು ಆರಲ್ಲ, ಆದ್ದರಿಂದ ಎಷ್ಟು ಲೀಟರ್ ನೀರು ಹೊರಗೆ ತೆಗೆದಿರೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು ಹಾಕಿ.

ಕೆರೆಏರಿ:
ಕಲ್ಲುಪ್ಪು ಅವರೇ, ಉಪ್ಪಿಗೆ ನನ್ನ ವಿರೋಧ ಇಲ್ಲ, ಆದರೆ ಅಮೋನಿಯಾ ಇರುವ ನೀರಿಗೆ ಉಪ್ಪು ಹಾಕಿದರೆ ಅದು ಉಪ್ಪಿರುವ ಅಮೋನಿಯಾ ನೀರಾಗುತ್ತದೆ ಅಷ್ಟೇ. ಮೊದಲು ನೀರು ಬದಲಾಗಲಿ.

ಸಂಪುನೀರು:
ಕಿಟ್ ತಂದೆ. ಟ್ಯಾಂಕ್‌ನಲ್ಲಿ ಅಮೋನಿಯಾ 1ರಿಂದ 2 ಪಿಪಿಎಂ ನಡುವೆ, ಬಣ್ಣ ಸರಿಯಾಗಿ ಹೇಳಲಾಗುತ್ತಿಲ್ಲ. ನೈಟ್ರೈಟ್ ಸೊನ್ನೆ. ನೈಟ್ರೇಟ್ 10. ಪಿಎಚ್ 8. ಸಂಪಿನ ನೀರಲ್ಲಿ ಅಮೋನಿಯಾ ಇಲ್ಲ, ನೈಟ್ರೇಟ್ ಅದರಲ್ಲೂ 10. ಊಟ ಎಲ್ಲವೂ ಮಾಡುತ್ತಿವೆ, ಆದರೆ ಚಿಂದಿ ಬಾಲದ್ದು ಸ್ವಲ್ಪ ಮಂಕು. ನೈಟ್ರೈಟ್ ಸೊನ್ನೆ ಅಂದರೆ ಒಳ್ಳೆಯದೇ ಅಲ್ವಾ?

ಗಪ್ಪಿಗಾಂಧಿಬಜಾರ್:
ಇಲ್ಲಿ ಅದು ಒಳ್ಳೆಯ ಸುದ್ದಿ ಅಲ್ಲ ರೀ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಕೆಲಸವೇ ನಿಮ್ಮ ಟ್ಯಾಂಕ್‌ನಲ್ಲಿ ಶುರುವಾಗಿಲ್ಲ. ನೈಟ್ರೇಟ್ ಕೂಡ ಸಂಪಿನಲ್ಲಿ ಎಷ್ಟಿತ್ತೋ ಅಷ್ಟೇ ಇದೆ, ಅಂದರೆ ಅದು ಹೊರಗಿನಿಂದ ಬಂದಿದ್ದು. ಫಿಲ್ಟರ್ ಮೋಟರ್ ಓಡುತ್ತಿದೆ, ಆದರೆ ಕೆಲಸ ಮಾಡುವವರು ಒಳಗೆ ಇಲ್ಲ.

ಪಿಎಚ್ 8 ಇರುವುದು ಇನ್ನೂ ತೊಂದರೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದ ವಿಷಕಾರಿ ರೂಪ ಶೇ. 0.5ರಷ್ಟು, 8 ಆದರೆ ಶೇ. 5ರಷ್ಟು. ಹತ್ತು ಪಟ್ಟು. ನೀರು ಬಿಸಿಯಾದಷ್ಟೂ ಇನ್ನೂ ಜಾಸ್ತಿ. ಹಾಗಂತ ಪಿಎಚ್ ಇಳಿಸುವ ದ್ರವ, ಆರ್‌ಓ ನೀರು ಅಂತೆಲ್ಲಾ ಹೋಗಬೇಡಿ, ಗೋಲ್ಡ್‌ಫಿಶ್‌ಗೆ ಗಡಸು ನೀರು ಚೆನ್ನಾಗಿಯೇ ಒಗ್ಗುತ್ತದೆ. ಇಳಿಸಬೇಕಾಗಿರುವುದು ಅಮೋನಿಯಾ.

ಕೆರೆಏರಿ:
ಇವತ್ತೇ ಅರ್ಧ ನೀರು ತೆಗೆದು ಹೊಸದು ಹಾಕಿ, ನಾಳೆ ಮತ್ತೆ ಅರ್ಧ. ಆಮೇಲೆ ದಿನಾ ಟೆಸ್ಟ್ ಮಾಡುತ್ತಾ, ಅಮೋನಿಯಾ ಕಂಡ ದಿನವೆಲ್ಲಾ ಕಾಲುಭಾಗದಿಂದ ಅರ್ಧ. ಪೂರ್ತಿ ಖಾಲಿ ಮಾಡುವುದು ಇನ್ನು ಬೇಡ. ಸ್ಪಾಂಜ್ ನೀರೇ ಬಿಡದಷ್ಟು ಕಟ್ಟಿಕೊಂಡಾಗ ಮಾತ್ರ, ಟ್ಯಾಂಕ್‌ನಿಂದ ತೆಗೆದ ಹಳೆಯ ನೀರಿನ ಬಕೆಟ್‌ನಲ್ಲಿ ಎರಡು ಸಲ ಹಿಂಡಿ ವಾಪಸ್ ಹಾಕಿ. ಸ್ಪಾಂಜ್ ಕಂದು ಬಣ್ಣಕ್ಕಿದ್ದರೆ ಇರಲಿ ಬಿಡಿ. ಗುರುತಿನವರ ಹಳೆಯ, ಕಾಯಿಲೆ ಇಲ್ಲದ ಟ್ಯಾಂಕ್ ಇದ್ದರೆ ಅವರ ಸ್ಪಾಂಜಿನ ಒಂದು ತುಂಡು ಕೇಳಿ ನಿಮ್ಮ ಫಿಲ್ಟರ್‌ಗೆ ಸೇರಿಸಿ, ವಾರಗಟ್ಟಲೆ ಕಾಯುವುದು ತಪ್ಪುತ್ತದೆ.

ಎರಡು ದಿನ ಊಟ ಕೊಡಬೇಡಿ, ಏನೂ ಆಗಲ್ಲ. ಆಮೇಲೆ ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟು ಮಾತ್ರ, ಮುಳುಗುವ ಕಾಳು. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಆದ್ದರಿಂದ ಯಾವಾಗ ನೋಡಿದರೂ ಹಸಿದವರ ಹಾಗೆ ಗಾಜಿನ ಹತ್ತಿರ ಬರುತ್ತವೆ. ಅಮ್ಮನಿಗೂ ಹೇಳಿ, ಅದನ್ನು ನೋಡಿ ಕರಗಿ ಊಟ ಹಾಕಿಬಿಡುತ್ತಾರೆ.

ಅಮೋನಿಯಾ ಇಳಿದ ಮೇಲೆ ನೈಟ್ರೈಟ್ ಏರುವ ಹಂತ ಬರುತ್ತದೆ. ಕಲ್ಲುಪ್ಪು ಅವರ 1 ಗ್ರಾಂ ಲೆಕ್ಕ ಆಗ ನಿಜವಾಗಿ ಕೆಲಸಕ್ಕೆ ಬರುತ್ತದೆ, ಉಪ್ಪಿನ ಕ್ಲೋರೈಡ್ ಇದ್ದರೆ ಕಿವಿರಿನಿಂದ ನೈಟ್ರೈಟ್ ಒಳಗೆ ಹೋಗುವುದು ಕಡಿಮೆಯಾಗುತ್ತದೆ.

ಸಂಪುನೀರು:
ಸರಿ, ಶುರು ಮಾಡಿದೆ. ಬಾಲ ಮತ್ತೆ ಬೆಳೆಯುತ್ತದಾ? ಔಷಧಿ ಬೇಕೇ ಬೇಕು ಅಂತ ಯಾವಾಗ ಅಂದುಕೊಳ್ಳಬೇಕು?

ಕೆರೆಏರಿ:
ಬುಡದವರೆಗೆ ಹೋಗಿಲ್ಲ ಅಂದರೆ ಬೆಳೆಯುತ್ತದೆ. ಹೊಸದಾಗಿ ಬರುವ ಭಾಗ ತೆಳ್ಳಗೆ, ಆಚೆ ಕಡೆ ಕಾಣುವಷ್ಟು ಪಾರದರ್ಶಕವಾಗಿರುತ್ತದೆ. ಅದನ್ನು ನೋಡಿ ಮತ್ತೆ ಕೊಳೆಯುತ್ತಿದೆ ಅಂತ ತುಂಬಾ ಜನ ಹೆದರುತ್ತಾರೆ. ಕೊಳೆತದ್ದು ಮಬ್ಬಾಗಿರುತ್ತದೆ.

ನೀರು ಸರಿಯಾಗಿ ವಾರ ಕಳೆದರೂ ಸವೆತ ಮುಂದುವರಿದರೆ, ಬುಡದ ಹತ್ತಿರ ಬಂದರೆ, ಮೈ ಮೇಲೆ ಕೆಂಪು ಹುಣ್ಣು ಎದ್ದರೆ ಆಗ ಔಷಧಿ. ಆ ಮೀನನ್ನು ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿದ ಬೇರೆ ಟಬ್‌ಗೆ ಬಿಟ್ಟು ಅಲ್ಲಿ ಕೊಡಿ, ದೊಡ್ಡ ಟ್ಯಾಂಕ್‌ಗೆ ಬೇಡ. ಮೆಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿ ಕೂಡ ಫಿಲ್ಟರ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಗಾಜು ಅಂಟಿಸಿರುವ ಸಿಲಿಕೋನ್ ನೀಲಿಯಾಗಿ ಹಾಗೇ ಉಳಿಯುತ್ತದೆ. ಹುರುಪೆ ಎದ್ದು ನಿಂತು ಹೊಟ್ಟೆ ಊದಿದರೆ ಮಾತ್ರ ತಡ ಮಾಡಬೇಡಿ, ಮೀನು ನೋಡುವ ವೆಟ್ ಹುಡುಕಿ.

ಕಲ್ಲುಪ್ಪು:
ನೀರಿನ ಬಗ್ಗೆ ಒಂದು. ಟ್ಯಾಂಕರ್ ಹಾಕಿಸಿದ ದಿನ, ಇಲ್ಲಾ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ನೀರು ಬದಲಾಯಿಸಬೇಡಿ. ಕಾವೇರಿ ಬಂದ ದಿನ ಎರಡು ದೊಡ್ಡ ಡ್ರಮ್ ತುಂಬಿಸಿ, ಮುಚ್ಚಳ ತೆಗೆದು ಏರ್ ಪಂಪ್ ಬಿಟ್ಟು ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ, ಅವಸರ ಇದ್ದರೆ ಆ್ಯಂಟಿ ಕ್ಲೋರಿನ್ ಹಾಕಿ. ಒಂದು ವಾರ ಕಾವೇರಿ, ಇನ್ನೊಂದು ವಾರ ಪೂರ್ತಿ ಬೋರ್ ಅಂತ ಬದಲಾಗುತ್ತಿದ್ದರೆ ಮೀನಿಗೆ ಪ್ರತಿ ಸಲವೂ ಹೊಡೆತ. ಡ್ರಮ್‌ಗೆ ಸೊಳ್ಳೆ ಪರದೆ ಕಟ್ಟಿ, ಡೆಂಗ್ಯೂ ಕಾಲ. ಒಳಗೆ ಹುಳ ಆದರೆ ಮಾತ್ರ ನಿಮ್ಮ ಗೋಲ್ಡ್‌ಫಿಶ್‌ಗಳಿಗೆ ಹಬ್ಬ.