ಸ್ಟೀಲ್‌ಹೆಡ್‌ಗೆ ಮೊದಲ ಸಲ ಹೋಗ್ತಿದ್ದೇನೆ: ಯಾವ ರಾಡ್, ಯಾವ ಎರೆ?

ರೆಂಟನ್‌ನಿಂದ: ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿದ್ದೇನೆ. ಊರಲ್ಲಿ ತುಂಗೆಯ ದಡದಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿದ್ದಷ್ಟೇ ಅನುಭವ. ಈ ಚಳಿಗಾಲ ದಡದಲ್ಲೇ ನಿಂತು ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಬೆಳೆದು ಮತ್ತೆ ನದಿಗೆ ಹತ್ತುವ ರೇನ್‌ಬೋ ಟ್ರೌಟ್ ಮೀನು) ಹಿಡಿಯುವ ಆಸೆ. 200 ಡಾಲರ್ ಒಳಗೆ ಏನೇನು ತಗೊಳ್ಳಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಟಕೋಮಾದಿಂದ: ನಾನು ಮಾಡಿದ ತಪ್ಪು ಕೇಳಿ. ಬಾಸ್ ಮೀನು ಹಿಡಿಯುವ ಆರೂವರೆ ಅಡಿ ರಾಡ್ ಮನೇಲಿತ್ತು, ಅದೇ ಸಾಕು ಅಂದುಕೊಂಡೆ. ಕೌಲಿಟ್ಜ್ ನದಿಯ ಬ್ಲೂ ಕ್ರೀಕ್‌ನಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಗಿಡ್ಡ ರಾಡ್‌ನಲ್ಲಿ ದಾರವನ್ನು ನೀರಿಂದ ಮೇಲೆತ್ತಿ ಹಿಡಿಯಲು ಆಗಲ್ಲ. ಸೆಳೆತಕ್ಕೆ ದಾರ ಬಾಗಿ ಬೆಂಡನ್ನು ಎಳೆದುಕೊಂಡು ಹೋಗುತ್ತೆ. ಹಾಗೆ ಓಡುವ ಎರೆಯನ್ನು ಮೀನು ಮುಟ್ಟಲ್ಲ. ಎರಡು ಚಳಿಗಾಲ, 19 ಸಲ ಹೋದೆ, ಪ್ರತಿ ಸಲ ಕಾರಿನ ಪೆಟ್ರೋಲ್‌ಗೇ 40 ಡಾಲರ್. ಒಂದೇ ಒಂದು ಮೀನಿಲ್ಲ.

ಆಮೇಲೆ ಬೆಂಡು ಬಿಡಲು ಹತ್ತೂವರೆ ಅಡಿ ಫ್ಲೋಟ್ ರಾಡ್, 3000 ಸೈಜಿನ ರೀಲ್, 30 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ), ತುದಿಗೆ 10 ಪೌಂಡ್ ಲೀಡರ್ (ಕೊಕ್ಕೆ ಕಟ್ಟುವ ತುಂಡು ದಾರ) ತಗೊಂಡೆ. 260 ಡಾಲರ್ ಆಯ್ತು. ಎರೆಗೆ ಉಪ್ಪು, ಸಕ್ಕರೆ, ಬೋರಾಕ್ಸ್ ಹಾಕಿ ಹದ ಮಾಡಿದ ಸಾಲ್ಮನ್ ಮೊಟ್ಟೆ. ಮೂರನೇ ಸಲಕ್ಕೇ ಬಿತ್ತು. ಬೆಂಡು ತಟ್ಟನೆ ಮುಳುಗಲಿಲ್ಲ. ಕಲ್ಲಿಗೆ ತಾಗಿದ ಹಾಗೆ ಸ್ವಲ್ಪ ವಾಲಿತು, ಆಮೇಲೆ ಮೆಲ್ಲಗೆ ಒಳಗೆ ಜಾರಿತು. ಎಂಟು ಪೌಂಡ್ ಹ್ಯಾಚರಿ ಮೀನು, ಅಂದರೆ ಕೇಂದ್ರದಲ್ಲಿ ಮರಿಮಾಡಿ ಬಿಟ್ಟದ್ದು! ಮೊಟ್ಟೆ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಒಲಿಂಪಿಯಾದಿಂದ: ಮೊಟ್ಟೆ ಮೊಟ್ಟೆ ಅಂತ ಹೊಸಬರ ದಾರಿ ತಪ್ಪಿಸಬೇಡಿ. ನಾನು ಇದೇ ರಾಜ್ಯದ ‘ಹೋ’ (Hoh) ಅನ್ನೋ ನದಿಗೆ ಹೋಗುವವನು. ನಾನು ಹೋದ ಚಳಿಗಾಲಗಳಲ್ಲಿ ಅಲ್ಲಿ ಎರೆಯನ್ನೇ ಹಾಕುವಂತಿರಲಿಲ್ಲ. ಮುಳ್ಳಿಲ್ಲದ ಒಂಟಿ ಕೊಕ್ಕೆ, ಅಷ್ಟೇ. ಸ್ಪೂನ್ (ಚಮಚದಾಕಾರದ ಲೋಹದ ನಕಲಿ ಎರೆ) ಎಸೆಯೋದನ್ನು ಕಲಿತೆ. ಮೊದಲ ದಿನ 11 ಸ್ಪೂನ್ ಕಲ್ಲಿಗೆ ಸಿಕ್ಕಿ ಹೋದವು, ಒಂದಕ್ಕೆ ಆರು ಡಾಲರ್. 66 ಡಾಲರ್ ನೀರಿಗೆ! ಜೊತೆಗೆ ವೇಡರ್ಸ್ (ನೀರಲ್ಲಿ ನಿಲ್ಲಲು ಹಾಕುವ ನೀರು ಇಳಿಯದ ಪ್ಯಾಂಟ್) ಹೊಲಿಗೆ ಬಿಟ್ಟು ಎಡಗಾಲಿಗೆ ನೀರು ನುಗ್ಗಿತು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಆದರೂ ಸ್ಪೂನ್‌ಗೆ ನದಿಯಲ್ಲೇ ಹುಟ್ಟಿದ ಕಾಡುಮೀನು ಹೊಡೆದಾಗ ಮೊಣಕೈವರೆಗೂ ಝುಮ್ ಅನ್ನುತ್ತೆ. ಬೆಂಡು ನೋಡ್ತಾ ಕೂತವರಿಗೆ ಅದು ಗೊತ್ತಾಗಲ್ಲ.

ಟಕೋಮಾದಿಂದ: ಕೂತಿರಲಿಲ್ಲ ಸ್ವಾಮಿ, ಸೊಂಟದವರೆಗೆ ನೀರಲ್ಲಿ ನಿಂತಿದ್ದೆ. ನೀವು ಹೋದ ತಿಂಗಳು ಗ್ರೂಪಿಗೆ ಹಾಕಿದ ಫೋಟೋದಲ್ಲಿ ಕಾಡುಮೀನನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದಿದ್ದಿರಿ. ಹ್ಯಾಚರಿ ಮೀನಿಗೆ ಕತ್ತರಿಸಿ ಬಿಡುವ ಬೆನ್ನಿನ ಚಿಕ್ಕ ರೆಕ್ಕೆ ಅದರಲ್ಲಿ ಹಾಗೇ ಇತ್ತು. ಆ ಮೀನನ್ನು ನೀರಿಂದ ಮೇಲೆತ್ತಬಾರದು ಅಂತ ಗೊತ್ತಿಲ್ವಾ?

ಒಲಿಂಪಿಯಾದಿಂದ: ಎರಡು ಸೆಕೆಂಡ್ ಎತ್ತಿದ್ದೆ, ತಕ್ಷಣ ಬಿಟ್ಟೆ. ತಪ್ಪಾಯ್ತು ಅಂತ ಅವತ್ತೇ ಹೇಳಿದ್ದೆ. ಮತ್ತೆ ಮತ್ತೆ ಕೆದಕಬೇಡಿ.

ಕ್ಲೀವ್‌ಲ್ಯಾಂಡ್‌ನಿಂದ: ಇಲ್ಲಿ ಈರಿ ಸರೋವರಕ್ಕೆ ಸೇರುವ ರಾಕಿ ನದಿಯಲ್ಲಿ ನನ್ನದು 13 ಅಡಿ ರಾಡ್, ಸೆಂಟರ್‌ಪಿನ್ ರೀಲ್ (ತಡೆಯಿಲ್ಲದೆ ಚಕ್ರದಂತೆ ತಿರುಗಿ ದಾರ ಬಿಡುವಂಥದ್ದು). ರೀಲ್ ಒಂದಕ್ಕೇ 340 ಡಾಲರ್, ಆರು ತಿಂಗಳು ಚೀಟಿ ಕಟ್ಟಿದ ಹಾಗೆ ಕೂಡಿಟ್ಟೆ. ಎಸೆಯಲು ಕಲಿಯೋಕೆ ಒಂದು ಇಡೀ ಸೀಸನ್ ಹೋಯ್ತು. ದಾರ ಸಿಕ್ಕಾಗಿ ಅತ್ತಿದ್ದೂ ಇದೆ. ನೀರು ತಿಳಿಯಾಗಿದ್ದರೆ ಮೀನಿನ ಮೊಟ್ಟೆಯಂತೆ ಕಾಣುವ 8 ಮಿಲಿಮೀಟರ್ ಮಣಿ, ಕೊಕ್ಕೆಯಿಂದ ಎರಡು ಇಂಚು ಮೇಲೆ. ಕದಡಿದ್ದರೆ ಮೊಟ್ಟೆಯನ್ನು ಬಲೆಬಟ್ಟೆಯಲ್ಲಿ ಗಂಟು ಕಟ್ಟಿ ಹಾಕುತ್ತೇನೆ. ಮೊಟ್ಟೆ ಡಬ್ಬ ಫ್ರೀಜರ್‌ನಲ್ಲಿ ಇಡಬಾರದು ಅಂತ ಅತ್ತೆಯವರು ಹೇಳಿದ್ದರಿಂದ ಗ್ಯಾರೇಜಿಗೆ ಬೇರೆ ಫ್ರಿಜ್, ಇನ್ನೊಂದು 150.

ಒಲಿಂಪಿಯಾದಿಂದ: ಮೇಡಂ, ಬೇಜಾರಾಗಬೇಡಿ, ಸಮುದ್ರವನ್ನೇ ನೋಡದ ಮೀನು ಸ್ಟೀಲ್‌ಹೆಡ್ ಹೇಗಾಗುತ್ತೆ? ಅದು ಕೆರೆಯ ರೇನ್‌ಬೋ ಟ್ರೌಟ್.

ಕ್ಲೀವ್‌ಲ್ಯಾಂಡ್‌ನಿಂದ: ಬೇಜಾರಾಗಿದೆ. ಈರಿಯನ್ನು ಕೆರೆ ಅಂತೀರಾ? ದಡದಲ್ಲಿ ನಿಂತರೆ ಆಚೆ ದಡ ಕಾಣಲ್ಲ. 1870ರ ದಶಕದಲ್ಲೇ ಮಿಶಿಗನ್ ರಾಜ್ಯದ ನದಿಗೆ ಪಶ್ಚಿಮ ಕರಾವಳಿಯ ರೇನ್‌ಬೋ ತಂದು ಬಿಟ್ಟರು. ನಿಮ್ಮದು ಸಮುದ್ರಕ್ಕೆ ಹೋಗಿ ನದಿಗೆ ಹತ್ತುತ್ತೆ, ನಮ್ಮದು ಸರೋವರಕ್ಕೆ ಹೋಗಿ ಹತ್ತುತ್ತೆ. ಎರಡೂ ಒಂದೇ ಜಾತಿ. ಜನವರಿಯಲ್ಲಿ ರಾಡಿನ ಉಂಗುರಗಳಲ್ಲಿ ಐಸ್ ಕಟ್ಟುತ್ತೆ, ಬಾಯಲ್ಲಿಟ್ಟು ಕರಗಿಸಿ ಎಸೆಯುತ್ತೇನೆ. ಬಂದು ನಿಂತು ನೋಡಿ, ಆಮೇಲೆ ಮಾತಾಡಿ.

ರೆಂಟನ್‌ನಿಂದ: ಎಲ್ಲರಿಗೂ ಧನ್ಯವಾದ. 200 ಡಾಲರ್‌ಗೆ ಆಗುತ್ತಾ ಅಂತ ಯಾರಾದರೂ...

ಟಕೋಮಾದಿಂದ: ಮೊಟ್ಟೆ ನಾನೇ ಕೊಡ್ತೀನಿ, ಒಂದು ಡಬ್ಬ. ಸ್ಪೂನ್ ಮಾತ್ರ ಕೊಳ್ಳಬೇಡಿ.

ಒಲಿಂಪಿಯಾದಿಂದ: ಮತ್ತೆ ಶುರು ಮಾಡಿದ್ರಾ?